ಯಾರೂ ಕೈ ಹಾಕದ ಪಾಠ

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಮೆಣಸಿನಕಾಯಿ ಹಂಗಾಮು, ಒಮ್ಮೆ ಮೊಣಕಾಲು ನೋವು. ನೆಪಗಳಿಗೆ ನನ್ನಲ್ಲಿ ಎಂದೂ ಕೊರತೆಯಾಗಿಲ್ಲ. ಈಗ ಅಂಗಡಿ ಮಗನ ಕೈಯಲ್ಲಿದೆ, ಕಾಲಿಗೆ ಆಪರೇಷನ್ ಆಗಿದೆ. ಇನ್ನು ಹೇಳದಿದ್ದರೆ ಅದು ಬರೀ ಹೇಡಿತನ.

ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಓದಿದ್ದು ಮ್ಯಾಟ್ರಿಕ್. ಅಂಥವನನ್ನು ನಮ್ಮ ಜಿಲ್ಲೆಯ ಒಂದು ಸರ್ಕಾರಿ ಡಿಗ್ರಿ ಕಾಲೇಜು ತನ್ನ ಸಮಿತಿಗೆ ಹಾಕಿಕೊಂಡಿತು. ಹಾವೇರಿಯದೋ, ರಾಣೆಬೆನ್ನೂರಿನದೋ, ಹೇಳುವುದಿಲ್ಲ. ನನ್ನ ಅರ್ಹತೆ ಎಂದರೆ ಆ ಕಾಲೇಜಿಗೆ ಕುಡಿಯುವ ನೀರಿನ ಯಂತ್ರ ಕೊಡಿಸಿದ್ದು. ಯಂತ್ರ ಕೆಟ್ಟು ನಿಂತಿದೆ; ಅದರ ಮೇಲಿನ ನಮ್ಮಪ್ಪನ ಹೆಸರು ಮಾತ್ರ ಗಟ್ಟಿಯಾಗಿದೆ.

ಆಗ ಹೊಸ ಶಿಕ್ಷಣ ನೀತಿಯ ಗದ್ದಲ. ಬಿ.ಎ. ಇರಲಿ, ಬಿ.ಕಾಂ. ಇರಲಿ, ಬಿ.ಎಸ್ಸಿ. ಇರಲಿ, ಎಲ್ಲ ಹುಡುಗರೂ ಒಟ್ಟಿಗೆ ಕಲಿಯಬೇಕಾದ ಸಾಮಾನ್ಯ ವಿಷಯಗಳನ್ನು ಹೊಸದಾಗಿ ಜೋಡಿಸಬೇಕಿತ್ತು. ಅದರಲ್ಲಿ ಒಂದು ವಿಷಯವನ್ನು ಕಾಲೇಜೇ ಆರಿಸಿಕೊಳ್ಳಬಹುದು ಎಂದು ಮೇಲಿನವರು ಬಿಟ್ಟಿದ್ದರು. ಆರಿಸಲು ಕೂತವರು ಯಾರು? ಒಬ್ಬ ವಕೀಲ, ಒಬ್ಬ ಬೀಜದ ವ್ಯಾಪಾರಿ, ಒಬ್ಬ ನಿವೃತ್ತ ಇಂಜಿನಿಯರ್, ಮತ್ತೆ ನಾನು. ನಮ್ಮಲ್ಲಿ ಯಾರೂ ಇತ್ತೀಚೆಗೆ ಒಂದು ಪುಸ್ತಕ ಪೂರ್ತಿ ಓದಿದವರಲ್ಲ. ನಮ್ಮ ಎದುರಿಗೆ ಪ್ರಾಚಾರ್ಯರು, ಗೋಡಂಬಿ ತಟ್ಟೆ, ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಫೈಲು. ಫೈಲು ಯಾರೂ ಬಿಚ್ಚಲಿಲ್ಲ. ಗೋಡಂಬಿ ಉಳಿಯಲಿಲ್ಲ.

ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿಯೊಬ್ಬರು ತಮ್ಮದೊಂದು ವಿಷಯ ಮಂಡಿಸಿದರು. ಅತಿಥಿ ಎಂದರೆ ಕಾಯಂ ಅಲ್ಲದವರು; ಕಲಿಸಲು ತಾಸು ಇದ್ದರೆ ಕೆಲಸ, ತಾಸು ಹೋದರೆ ಮನೆ. ಹೊಸ ನೀತಿಯಲ್ಲಿ ಕನ್ನಡದ ತಾಸುಗಳು ಕಡಿಮೆಯಾಗಿದ್ದವು. ಈ ವಿಷಯ ಪಾಸಾದರೆ ಅವರು ಉಳಿಯುತ್ತಿದ್ದರು. ಇಲ್ಲದಿದ್ದರೆ ಇಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ.

ಅವರ ವಿಷಯ ಸರಳವಾಗಿತ್ತು. ವಾರಕ್ಕೆರಡು ತಾಸು ಎಲ್ಲ ವಿಭಾಗದ ಹುಡುಗರೂ ಕೂಡಿ ಕೂತು ಒಂದು ಪುಟ ಓದಬೇಕು. ಜಾಹೀರಾತು, ಕೋರ್ಟಿನ ನೋಟಿಸು, ಪೇಪರಿನ ಸುದ್ದಿ, ಯಾವುದಾದರೂ ಸರಿ. ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಏನು ಹೇಳದೆ ಬಿಟ್ಟಿದ್ದಾರೆ ಎಂದು ತಮ್ಮ ಮಾತಿನಲ್ಲಿ ಹೇಳಬೇಕು. ಮಾದರಿ ತೋರಿಸಲು ಅವರು ನಮ್ಮ ಫೈಲಿನಲ್ಲಿದ್ದ ಸುತ್ತೋಲೆಯನ್ನೇ ತೆಗೆಸಿದರು. ಒಂದು ಪ್ಯಾರಾ ನನ್ನಿಂದ ಓದಿಸಿದರು. 'ಸಮಗ್ರ', 'ಸರ್ವಾಂಗೀಣ', 'ಬಹುಮುಖಿ' ಎಂದೆಲ್ಲ ಇತ್ತು. ತೊದಲದೆ ಓದಿದೆ.

"ಇದರಾಗ ಏನ್ ಹೇಳ್ಯಾರ್ರಿ ಸಾಹುಕಾರ್ರ? ನಿಮ್ಮ ಮಾತಿನ್ಯಾಗ ಹೇಳ್ರಿ."

"ಛಲೋನ ಹೇಳ್ಯಾರ್ರಿ."

"ಛಲೋ ಅಂದ್ರ ಏನ್ರಿ?"

ನಾನು ಹಾಳೆ ತಿರುವಿ ಹಿಂದಿನ ಬದಿ ನೋಡಿದೆ. ವಕೀಲರು ಪಕ್ಕದವರಿಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು: "ಮ್ಯಾಟ್ರಿಕ್‌ದಾಗೂ ಈ ಪ್ರಶ್ನಿ ಬಿಟ್ಟ ಬಂದಿದ್ರಂತ."

ಎಲ್ಲರೂ ನಕ್ಕರು. ಆ ಪ್ಯಾರಾದಲ್ಲಿ ಹೇಳಿದ್ದು ಏನೂ ಇರಲಿಲ್ಲ, ವಕೀಲರನ್ನು ಕೇಳಿದ್ದರೆ ಅವರಿಗೂ ಸಿಗುತ್ತಿರಲಿಲ್ಲ ಎನ್ನುವುದು ಈಗ ತಿಳಿಯುತ್ತದೆ. ಆಗ ತಿಳಿದದ್ದು ಒಂದೇ: ಊರ ನಾಲ್ಕು ಮಂದಿಯ ಮುಂದೆ ಬಾಡಿಗೆ ತಾಸಿನ ಮಾಸ್ತರಿಣಿ ನನ್ನ ಮ್ಯಾಟ್ರಿಕ್ ಬಿಚ್ಚಿಟ್ಟಳು. ತೀರ್ಮಾನ ಮುಂದಿನ ಸಭೆಗೆ ಹೋಯಿತು. ಮೆಟ್ಟಿಲಿನ ಹತ್ತಿರ ಅವರು ನನ್ನ ಹಿಂದೆ ಬಂದರು. "ತಪ್ಪ ತಿಳೀಬ್ಯಾಡ್ರಿ. ನೀವಾದ್ರ ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಖರೇ ಹೇಳ್ತೀರಿ ಅಂತ ನಿಮ್ಮನ್ನ ಕೇಳಿದ್ನಿರಿ" ಎಂದರು. ನಾನು ಚಪ್ಪಲಿ ಹಾಕಿಕೊಳ್ಳುವುದರಲ್ಲಿ ಮಗ್ನನಾಗಿದ್ದೆ.

ಇಲ್ಲಿ ನನ್ನ ಕಸುಬಿನ ಒಂದು ಹೊಲಸು ಹೇಳಬೇಕು. ಮಾರಾಟಕ್ಕೆ ಚೀಲ ಬಿಚ್ಚಿಟ್ಟಾಗ ಖರೀದಿದಾರ ಒಂದು ಹಿಡಿ ಕಾಯಿ ತೆಗೆದು, ಮುರಿದು, ಮೂಸಿ ನೋಡುತ್ತಾನೆ. ಯಾರಾದರೂ ರೈತ ಸೊಕ್ಕಿನಿಂದ ಮಾತಾಡಿದರೆ ನಾವು ಕೆಲವರು ಬೆಳಗಿನ ಚಹಾದ ಹೊತ್ತಿಗೇ ಒಂದು ಮಾತು ಮಾಡಿಕೊಳ್ಳುತ್ತಿದ್ದೆವು. ಅವನ ಮಾಲನ್ನು ಯಾರೂ ಬೈಯುವುದಿಲ್ಲ. ಒಬ್ಬ ಹಿಡಿ ತೆಗೆದು ನೋಡಿ, ಮೆಲ್ಲಗೆ ತಿರುಗಿ ಚೀಲಕ್ಕೇ ಬಿಟ್ಟು, ಏನೂ ಅನ್ನದೆ ಮುಂದೆ ಹೋಗುತ್ತಾನೆ. ಎರಡನೆಯವನೂ ಹಾಗೆಯೇ. ಮೂರನೆಯವನ ಹೊತ್ತಿಗೆ ರೈತ ತಾನೇ ಒಂದು ಕಾಯಿ ತೆಗೆದು ಮೂಸಲು ಶುರು ಮಾಡುತ್ತಾನೆ. ಯಾರೂ ಸುಳ್ಳು ಹೇಳಿಲ್ಲ; ಯಾರೂ ಕೈ ಹಾಕಿಲ್ಲ, ಅಂದರೆ ಕೊಳ್ಳುತ್ತೇನೆ ಎಂದಿಲ್ಲ, ಅಷ್ಟೇ. ಮಧ್ಯಾಹ್ನಕ್ಕೆ ಮಾಲು ನಾವು ಹೇಳಿದ ದರಕ್ಕೆ.

ಸಭೆಗೆ ಮುಂಚೆ ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಉಳಿದ ಮೂವರನ್ನು ಕೂಡಿಸಿ ಮಿರ್ಚಿ ಭಜಿ ತಿನ್ನಿಸಿದೆ. "ಆ ಮೇಡಂ ವಿಷಯಾನ ಬೈಬ್ಯಾಡ್ರಿ. ಹೊಗಳ್ರಿ ಬೇಕಾದ್ರ. ಕೈ ಮಾತ್ರ ಹಾಕಬ್ಯಾಡ್ರಿ" ಎಂದೆ. ಬೀಜದ ವ್ಯಾಪಾರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ವಕೀಲರಿಗೂ ಅಷ್ಟೇ, ಮೊನ್ನೆ ನಗಾಡಿದ ಮನುಷ್ಯ, ಇಂದು ನನ್ನ ಮಿರ್ಚಿ ತಿಂದು ನನ್ನ ಕಡೆ. ಇಂಜಿನಿಯರ್ ಮಾತ್ರ, "ಆ ಹೆಣ್ಮಗಳಿಗೆ ತಾಸು ಹೋಗ್ತಾವಲ್ಲೋ ಮಾರಾಯ" ಎಂದರು. "ನೀವೇನ್ ಕಸಗೋತೀರೇನ್ರಿ? ನೋಡಿ ಸುಮ್ಮನ ಕುಂದ್ರೂದು" ಎಂದೆ. ಅವರು ಇನ್ನೊಂದು ಮಿರ್ಚಿ ತಗೊಂಡರು.

ಸಭೆಯಲ್ಲಿ ಬೀಜದ ವ್ಯಾಪಾರಿ ಮೊದಲು ಬಾಯಿ ತೆರೆದರು. "ಭಾಳ ಛಲೋ ವಿಚಾರ್ರಿ ಮೇಡಂ." ಅಷ್ಟೇ. ಮುಂದೆ ಏನೂ ಇಲ್ಲ. ವಕೀಲರು ಉಪನ್ಯಾಸಕಿಯ ಹಾಳೆ ಎತ್ತಿ, ನೋಡಿ, ಮೇಜಿನ ಮೇಲೆ ಮೆಲ್ಲಗಿಟ್ಟು, "ಹೌದು, ವಿಚಾರ ಛಲೋ ಐತಿ" ಎಂದರು. ಇಂಜಿನಿಯರ್ ಕಿಟಕಿ ನೋಡಿದರು. ನಾನು ಹಾಳೆಯನ್ನು ಬೆರಳಿನಿಂದ ಒಂಚೂರು ಆಚೆ ಸರಿಸಿದೆ.

ಉಪನ್ಯಾಸಕಿ ತಡವರಿಸಿದರು. "ಎರಡ ತಾಸ ಹೆಚ್ಚಾತು ಅಂದ್ರ ಒಂದ ಇಡೂಣ್ರಿ."

ವಕೀಲರು ಗಡಿಯಾರ ನೋಡಿದರು.

"ಪರೀಕ್ಷಾ ಬ್ಯಾಡಂದ್ರ ಬ್ಯಾಡ್ರಿ. ಹಂಗ ಓದೂಣು."

ಆ ದನಿ ನನಗೆ ಗೊತ್ತಿದ್ದ ದನಿ. ದರ ತಾನೇ ಇಳಿಸುತ್ತ ಹೋಗುವವನ ದನಿ. ಜೀವಮಾನವೆಲ್ಲ ಅದನ್ನು ಕೇಳಿ ಅನ್ನ ತಿಂದಿದ್ದೇನೆ. ಕೊನೆಗೆ ಅವರು ತಮ್ಮ ಹಾಳೆಯನ್ನು ತಾವೇ ಎತ್ತಿ ಓದತೊಡಗಿದರು, ಅದರಲ್ಲೇ ಏನೋ ತಪ್ಪಿದೆಯೇನೋ ಎನ್ನುವಂತೆ.

ಅದರ ಬದಲು ನಾವು ಆರಿಸಿದ್ದು 'ವ್ಯಕ್ತಿತ್ವ ವಿಕಸನ ಮತ್ತು ಯಶಸ್ಸು' ಎಂಬ ವಿಷಯ. ಸೂಚಿಸಿದವನು ನಾನೇ. ಕಲಿಸಲು ಯಾರೂ ಬೇಕಿರಲಿಲ್ಲ, ಕೋಟು ಹಾಕಿದ ಒಬ್ಬ ಮನುಷ್ಯ ವಿಡಿಯೋದಲ್ಲಿ ಬರುತ್ತಿದ್ದ. ಐರಣಿಯಿಂದ, ಹಲಗೇರಿಯಿಂದ ಬಸ್ಸಿನಲ್ಲಿ ಜೋತಾಡಿ ಬಂದ ಹುಡುಗರಿಗೆ ಕೈ ಎಷ್ಟು ಬಿಗಿಯಾಗಿ ಕುಲುಕಬೇಕು, ನಗುವಾಗ ಹಲ್ಲು ಎಷ್ಟು ಕಾಣಬೇಕು ಎಂದು ಹೇಳಿಕೊಡುತ್ತಿದ್ದ. ಯಶಸ್ಸಿನ ಗುಟ್ಟುಗಳನ್ನು ವಿವರಿಸಿ ಎಂದು ಪರೀಕ್ಷೆಯಲ್ಲಿ ಕೇಳಿದರು. ಎಲ್ಲರೂ ಪಾಸಾದರು. ಗುಟ್ಟು ಯಾರಿಗೂ ಸಿಕ್ಕಂತಿಲ್ಲ. ವರ್ಷದ ಕೊನೆಗೆ ನನ್ನನ್ನು ಅತಿಥಿಯಾಗಿ ಕರೆದು ಶಾಲು ಹೊದಿಸಿದರು. ಹೊದ್ದುಕೊಂಡೆ.

ಆ ಉಪನ್ಯಾಸಕಿ ಅಲ್ಲಿರಲಿಲ್ಲ. "ತಾಸ ಇಲ್ಲಲ್ರಿ, ಏನ್ ಮಾಡೂದು" ಎಂದರು ಪ್ರಾಚಾರ್ಯರು. ಏನು ಮಾಡುವುದು ಎಂದು ನಾನೂ ತಲೆಯಾಡಿಸಿದೆ.

ಮುಂದೊಮ್ಮೆ ಹಾವೇರಿ ಬಸ್ ನಿಲ್ದಾಣದಲ್ಲಿ ಆ ಉಪನ್ಯಾಸಕಿಯೇ ಗುರುತು ಹಿಡಿದು ಮಾತಾಡಿಸಿದರು.

"ಆರಾಮ ಅದೀರ್ರಿ ಸಾಹುಕಾರ್ರ?"

"ಹೂಂ. ಈಗ ಎಲ್ಲಿ ಅದೀರಿ?"

"ರಾಣೆಬೆನ್ನೂರಾಗ ಒಂದ ಕೋಚಿಂಗ್ ಸೆಂಟರ್ ಐತ್ರಿ. ಉತ್ತರಾ ಬಾಯಿಪಾಠ ಮಾಡಸಾಕತ್ತೇನಿ." ಅವರು ನಕ್ಕರು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮ್ಮ ಬಸ್ ಬಂತ ನೋಡ್ರಿ" ಎಂದೆ. ಬಸ್ಸು ಇನ್ನೂ ಬಂದಿರಲಿಲ್ಲ.

ಈಚೆಗೆ ಸರ್ಕಾರ ಬದಲಾಗಿ ನೀತಿಯೂ ಬದಲಾಯಿತು. ಮತ್ತೆ ಸಮಿತಿ, ಮತ್ತೆ ಗೋಡಂಬಿ. ಕೋಟಿನವನನ್ನು ಕೈಬಿಟ್ಟರು. ಈ ಸಲ ಯಾರೋ ತಜ್ಞರು ಕಳಿಸಿದ ವಿಷಯಗಳಲ್ಲಿ 'ವಿಮರ್ಶಾತ್ಮಕ ಓದು' ಎಂದೊಂದಿತ್ತು. ಒಂದು ಪುಟ ಕೊಟ್ಟು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳುವುದು. ಮೇಲಿನಿಂದ ಬಂದ ಮಾಲು. ಯಾರೂ ಮುರಿದು ನೋಡಲಿಲ್ಲ, ಎಲ್ಲರೂ ಕೈ ಹಾಕಿದರು. ಕಲಿಸಲು, ತಾಸು ಸಾಲದೆ ಕೂತಿದ್ದ ಕಾಯಂ ಅಧ್ಯಾಪಕರೊಬ್ಬರನ್ನು ಹಚ್ಚಿದರು.

"ಇದನ್ನ ಮೊದಲ ಒಬ್ಬರು ಇಲ್ಲೇ ಹೇಳಿದ್ರು" ಎಂದೆ.

ಪ್ರಾಚಾರ್ಯರು ಹೊಸಬರು. ಪೆನ್ನು ಎತ್ತಿ, "ಹೌದೇನ್ರಿ? ಯಾರವರು? ಬೇಕಾದ್ರ ಅವರನ್ನ ಕರಸೂಣು" ಎಂದರು.

ವಕೀಲರು ನನ್ನ ಮುಖ ನೋಡಿದರು. ಹೆಸರು ಹೇಳಿದರೆ ಆ ಉಪನ್ಯಾಸಕಿ ಯಾಕೆ ಹೋದರು ಎಂಬ ಪ್ರಶ್ನೆ ಬರುತ್ತಿತ್ತು.

"ನೆನಪಿಲ್ರಿ" ಎಂದೆ.

ನೆನಪಿತ್ತು. ಗುತ್ತಲದಿಂದ ದಿನವೂ ಬಸ್ಸಿನಲ್ಲಿ ಬಂದು ಕನ್ನಡ ಕಲಿಸುತ್ತಿದ್ದ, ನಾನು ಖರೇ ಹೇಳುವ ಮನುಷ್ಯ ಎಂದು ನಂಬಿದ್ದ ಆ ಅತಿಥಿ ಉಪನ್ಯಾಸಕಿ. ನಾನು ತಪ್ಪಾಯಿತು ಎಂದು ಹೇಳದೆ ಉಳಿದಿರುವುದು ಅವರಿಗೆ.