ಒಳಲೆ ಹಿಡಿದದ್ದು ನಾನು

ಗಿರಿಜಾ, ನಿನ್ನ ಚೊಚ್ಚಲ ಮಗುವಿನ ಪ್ರಾಣ ತೆಗೆದದ್ದು ನರ್ಸಮ್ಮನ ಸೂಜಿಯಲ್ಲ. ನನ್ನ ಕೈ. ತಪ್ಪನ್ನು ಸೂಜಿಯ ಮೇಲೆ ಹಾಕಿ ಇಷ್ಟು ವರ್ಷ ಬದುಕಿದೆ — ನಿನ್ನೆ ಫೋನಿನಲ್ಲಿ ನೀನು ಆ ಮಾತು ಆಡದಿದ್ದರೆ ಸಾಯುವತನಕ ಹಾಗೆಯೇ ಇರುತ್ತಿದ್ದೆನೋ ಏನೋ.

“ಲತಾ ಮಗೀಗೆ ಸೂಜಿ ಹಾಕ್ಸಲ್ಲ ಕಣಕ್ಕ. ಆಶಾದವ್ಳನ್ನ ಬಾಗ್ಲಿಂದಾನೇ ಕಳಿಸ್ದೆ. ನಂಗಾಗಿದ್ದು ನನ್ ಮಗ್ಳಿಗೆ ಬ್ಯಾಡ,” ಅಂದೆ ನೀನು. ನಾನು “ಹೂಂ” ಅಂದೆ. ಆಗಲೂ ಬರೀ ಹೂಂ.

ಅಮ್ಮನಿಲ್ಲದ ನಿನ್ನನ್ನು ಬಾಣಂತನಕ್ಕೆಂದು ಹಾಗಲವಾಡಿಯಿಂದ ಬಟವಾಡಿಗೆ ಕರೆಸಿಕೊಂಡವಳು ನಾನೇ. ಪಾತ್ರೆ ಅಂಗಡಿ ಆಗಷ್ಟೇ ಕೈ ಹಿಡಿದಿತ್ತು. ಯಾರ ಹಂಗೂ ಇಲ್ಲದೆ ಮೇಲೆ ಬಂದವಳೆಂಬ ಗರ್ವ ಬೇರೆ. ಕೂಸಿಗೆ ಹಾಲು ಹಾಕುವ ಕೊಕ್ಕಿನ ಒಳಲೆ ಕೊಳ್ಳಲು ಬಂದವರಿಗೆಲ್ಲ — ಕಾಲ ಮೇಲೆ ಹೇಗೆ ಮಲಗಿಸಬೇಕು, ಕೆನ್ನೆ ಹೇಗೆ ಒತ್ತಬೇಕು — ಕೇಳದಿದ್ದರೂ ಹೇಳಿಕೊಡುತ್ತಿದ್ದೆ.

ಆವತ್ತು ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ಬಂದಿದ್ದೆವು. ಮಗುವಿಗೆ ಮೈ ಬೆಚ್ಚಗಾಗಿ ಒಂದೇ ಸಮನೆ ಅಳು. ನಾನು ಬಜೆ ತೇಯಲು ಕೂತದ್ದನ್ನು ನೋಡಿ ನೀನು ಹೇಳಿದೆ:

“ಅಕ್ಕಾ, ಎದೆಹಾಲು ಬಿಟ್ರೆ ಏನೂ ಹಾಕ್ಬೇಡಿ ಅಂದವ್ರೆ ನರ್ಸಮ್ಮ.”

“ಅವ್ಳೆಷ್ಟು ಹೆತ್ತವ್ಳೆ? ಬಟವಾಡಿ ಮಕ್ಳೆಲ್ಲ ನಮ್ಮಂಗ್ಡಿ ಒಳಲೇಲೇ ಬೆಳ್ದವ್ರೆ ಕಣೇ. ನೀರು ಕಾದೈತೆ, ನೀನ್ ಸ್ನಾನಕ್ಕೆ ಹೋಗು.”

ನೀನು ಬಚ್ಚಲಿಗೆ ಹೋದೆ. ನಾನು ಬಜೆಯನ್ನು ಹಸುವಿನ ಹಾಲಿಗೆ ಕಲಸಿದೆ. ಅಳುವ ಬಾಯಿ ತೆರೆದೇ ಇತ್ತು — ಸುಲಭವಾಯಿತು ಎಂದುಕೊಂಡೆ. ಒಳಲೆಯಿಂದ ಸುರಿದೆ. ಕೆಮ್ಮಿತು, ಮುಖ ಕಪ್ಪಿಟ್ಟಿತು. ಬೆನ್ನು ತಟ್ಟಿದೆ. ಉಸಿರು ಬಂತು, ಅಳು ನಿಂತಿತು. ನೀನು ಬಂದಾಗ, “ನೋಡ್ದಾ, ಹೆಂಗ್ ಸುಮ್ನಾಯ್ತು!” ಅಂದೆ. ಹೆಮ್ಮೆಯಿಂದ ಅಂದೆ — ಅದು ನೆನಪಾದರೆ ಈಗಲೂ...

ಸಂಜೆಗೆ ಕೂಸಿನ ಎದೆ ಗೊರಗೊರ ಅನ್ನತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ಬಾಯಿಗೆ ಏನಾದ್ರೂ ಹಾಕಿದ್ರೇನಮ್ಮ?”

“ಏನೂ ಇಲ್ಲ ಸಾರ್. ಬೆಳಿಗ್ಗೆ ಸೂಜಿ ಹಾಕ್ಸಿದ್ವಿ, ಅಷ್ಟೇ.”

ನೀನು ಪಕ್ಕದಲ್ಲೇ ಇದ್ದೆ. ಬಜೆ ತೇಯ್ದದ್ದನ್ನು ಕಂಡಿದ್ದರೂ, ನೀನು ಬೇಡವೆಂದ ಮೇಲೆ ನಾನು ಹಾಕಿರಲಾರೆನೆಂದು ನಂಬಿದೆ. ಆ ಮಾತು ನಿನ್ನೊಳಗೆ ಹೋಗಿ ಕೂತಿತು. ನಿಜ ಹೇಳಿದ್ದರೆ ಅವರಿಗೆ ಏನಾದರೂ ದಾರಿ ಹೊಳೆಯುತ್ತಿತ್ತೋ ಏನೋ — ಅದನ್ನೂ ಕಸಿದುಕೊಂಡೆ. ಮಾರನೆಯ ದಿನ ಮಗು ಹೋಯಿತು.

ಆಮೇಲೆ ನರ್ಸಮ್ಮ ನಮ್ಮ ಬೀದಿಗೆ ಬಂದಾಗ ಹೆಂಗಸರು ಪೊರಕೆ ಎತ್ತಿಕೊಂಡರು. ಆಕೆ ನನ್ನ ಅಂಗಡಿಯ ಕಡೆ ನೋಡಿದರು, ನೀವಾದರೂ ಹೇಳಿ ಎಂಬಂತೆ. ನಾನು ಕೊಡ ಒರೆಸುತ್ತ ನಿಂತೆ. ಆ ಬೀದಿಯ ಎಷ್ಟೋ ತಾಯಂದಿರು ಆಮೇಲೆ ಸೂಜಿ ಹಾಕಿಸಲಿಲ್ಲ. ಆ ಮಕ್ಕಳಲ್ಲಿ ಯಾರಿಗೆ ಏನಾಯಿತೆಂದು ನಾನು ವಿಚಾರಿಸಲೂ ಇಲ್ಲ.

ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸದವಳು ನಾನು. ಒಳಲೆ ಕೇಳಿದರೆ ಮಾತ್ರ ಅಂದಿನಿಂದ “ಸ್ಟಾಕಿಲ್ಲಮ್ಮ” ಅನ್ನುತ್ತೇನೆ. ಏಕೆಂದು ಒಬ್ಬಳಿಗೂ ಹೇಳಲಿಲ್ಲ. ಅವರು ಪಕ್ಕದಂಗಡಿಯಲ್ಲಿ ಕೊಂಡರು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ, ಹೇಳಲೇಬೇಕಾದದ್ದನ್ನು —

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಇದಿಷ್ಟನ್ನೂ ಲತಾಳ ಎದುರು ಹೇಳುತ್ತೇನೆ, ಆ ಆಶಾ ಕಾರ್ಯಕರ್ತೆಯ ಎದುರೂ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಕೂಸನ್ನು ನನ್ನ ಕೈಗೆ ಕೊಡಬೇಡ. ಸೂಜಿ ಹಾಕಿಸುವಾಗ ಅದು ಲತಾಳ ತೊಡೆಯ ಮೇಲೇ ಇರಲಿ. ನಾನು ಹೊರಗೆ ಜಗುಲಿಯಲ್ಲಿ ನಿಂತಿರುತ್ತೇನೆ.