ಚಪ್ಪಲಿ ಬಿಟ್ಟ ಜಾಗದ ಪ್ರಾರ್ಥನೆ

ಮಿಷನ್ ಆಸ್ಪತ್ರೆಯ ನರ್ಸಿಂಗ್ ಹಾಸ್ಟೆಲಿನಲ್ಲಿ ಮೂರು ವರ್ಷ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು, ಗಂಟೆ ಬಾರಿಸಿದಾಗ ಮಲಗಿದವಳು ನಾನು. ಹಾಗಾಗಿ ತಿಪಟೂರಿನ ಆಸ್ಪತ್ರೆಗೆ ನರ್ಸಾಗಿ ಬಂದ ಮೇಲೆ ಭಾನುವಾರದ ಪ್ರಾರ್ಥನಾ ಕೂಟವನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲು ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದೆ.

ಎಪ್ಪತ್ತರ ದಶಕದ ಕೊನೆ. ಊರಿನಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಸಭಾಪಾಲಕರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ವಾರಗಳಲ್ಲಿ ಕೂಟ ನಡೆಸುತ್ತಿದ್ದ ರೈಲ್ವೆಯ ಹಿರಿಯರಿಗೆ ವರ್ಗವಾಗಿತ್ತು. ಅವರ ಕೂಟ ನಾಲ್ಕಕ್ಕೆ ಶುರುವಾದರೆ ಮುಗಿಯುವ ಹೊತ್ತು ದೇವರಿಗೇ ಗೊತ್ತು. ನನ್ನ ಹಾಳೆಯಲ್ಲಿ ಹಾಗಿರಲಿಲ್ಲ: ನಾಲ್ಕಕ್ಕೆ ಕೀರ್ತನೆ, ನಾಲ್ಕೂ ಹತ್ತಕ್ಕೆ ಸತ್ಯವೇದ ಓದುವುದು, ನಾಲ್ಕೂ ಮುಕ್ಕಾಲಿಗೆ ಪ್ರಾರ್ಥನೆಯ ಕೋರಿಕೆಗಳು, ಐದಕ್ಕೆ ಮುಕ್ತಾಯ.

ನನ್ನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿದೆ. ಐದು ಜನ ಬಂದರು: ಶಾಲೆಯ ಮೇಷ್ಟ್ರು, ಅವರ ಹೆಂಡತಿ, ಕಣ್ಣು ಮಂಜಾದ ಒಬ್ಬ ಅಜ್ಜಿ, ಬಿಳಿಗೆರೆ ಕಡೆಯಿಂದ ಗಂಡ ಹೆಂಡತಿ. ಆ ಗಂಡ ತೆಂಗಿನ ಮರ ಹತ್ತಿ ಕಾಯಿ ಕೀಳುವವನು. ನಾಲ್ಕು ತಿಂಗಳ ಹಿಂದೆ ಮರದಿಂದ ಬಿದ್ದಿದ್ದ. ಆಸ್ಪತ್ರೆಯಲ್ಲಿ ಅವನ ಎಡಗೈಗೆ ಪ್ಲಾಸ್ಟರ್ ಹಾಕುವಾಗ ಅಲುಗದಂತೆ ಹಿಡಿದುಕೊಂಡಿದ್ದವಳು ನಾನೇ.

ಕೀರ್ತನೆ, ಓದು ಎಲ್ಲವೂ ಹಾಳೆಯಂತೆ ನಡೆದವು. ಕೋರಿಕೆಗಳ ಹೊತ್ತಿಗೆ ಪೆನ್ಸಿಲ್ ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ. ಅಜ್ಜಿ ಎಲ್ಲಾ ಚೆನ್ನಾಗಿದೆ ಎಂದರು. ಮೇಷ್ಟ್ರು ದೇಶಕ್ಕಾಗಿ ಪ್ರಾರ್ಥಿಸೋಣ ಎಂದರು. ಅವರ ಹೆಂಡತಿ ಗಂಡ ಹೇಳಿದ್ದೇ ಸಾಕು ಎಂದರು. ಮರ ಹತ್ತುವವನು ಚಾಪೆಯ ಅಂಚನ್ನು ಉಜ್ಜುತ್ತಾ ಏನೂ ಇಲ್ಲ ಎಂದ. ದೇಶ ಎಂದು ಬರೆದುಕೊಂಡೆ. ಸರಿಯಾಗಿ ಐದಕ್ಕೆ ಆಮೆನ್. ನನಗೆ ಒಳಗೊಳಗೇ ಹೆಮ್ಮೆ.

ಆದರೆ ಯಾರೂ ಹೋಗಲಿಲ್ಲ. ಬಾಗಿಲಾಚೆ ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತೇ ಇದ್ದರು. ಅಜ್ಜಿ ತನ್ನ ಕಣ್ಣಿಗೆ ಆಪರೇಷನ್ ಮಾಡಿದರೆ ಇರುವಷ್ಟು ದೃಷ್ಟಿಯೂ ಹೋಗುವುದೇ ಎಂದು ಕೇಳಿದರು. ಮೇಷ್ಟ್ರ ಹೆಂಡತಿ ತವರಿನಿಂದ ಕಾಗದ ಬಂದು ಎರಡು ತಿಂಗಳಾಯಿತು ಎಂದರು. ಹತ್ತು ಹೆಜ್ಜೆ ಒಳಗೆ ಏನೂ ಇಲ್ಲ ಎಂದವರು ಇಲ್ಲಿ ಯಾಕೆ ಹೇಳುತ್ತಾರೆ? ನಿಂತು ನೋಡಿದೆ. ಒಳಗೆ ಎಲ್ಲರೂ ಎದುರುಬದುರು ಕೂತಿದ್ದರು. ಇಲ್ಲಿ ಎಲ್ಲರ ಕಣ್ಣೂ ನೆಲದ ಮೇಲೆ, ಚಪ್ಪಲಿ ಹುಡುಕುವ ಕಾಲಿನ ಮೇಲೆ. ನನ್ನ ಕೈಯಲ್ಲೂ ಹಾಳೆ ಇರಲಿಲ್ಲ.

ಮರ ಹತ್ತುವವನ ಹೆಂಡತಿ ಅಜ್ಜಿಯ ಕೈ ಹಿಡಿದು ರಸ್ತೆಗೆ ಇಳಿದಳು. ಮೇಷ್ಟ್ರೂ ಅವರ ಹೆಂಡತಿಯೂ ಹಿಂದೆಯೇ ಹೋದರು. ಮರ ಹತ್ತುವವನು ಮಾತ್ರ ಉಳಿದ.

"ಸಿಸ್ಟರಮ್ಮ, ನಾಳೆ ಬೆಳಿಗ್ಗೆ ತೋಟದ ಯಜಮಾನ್ರು ಕರ್ದವ್ರೆ. ಕಾಯಿ ಕೀಳ್ಬೇಕು."

ಮೂಳೆ ಚೆನ್ನಾಗಿ ಕೂಡಿದೆ, ಹತ್ತುವ ಧೈರ್ಯ ಕೊಡಲೆಂದು ಪ್ರಾರ್ಥಿಸೋಣ ಎಂದೆ.

"ಹತ್ತೋಕಲ್ಲ ಕಣ್ರೀ. ಇನ್ಮೇಲೆ ಹತ್ತಕಿಲ್ಲ ಅಂತ ಹೇಳೋಕೆ ಧೈರ್ಯ ಬೇಕು."

ಯಾರಿಗೂ ಕಾಣದಂತೆ ಎರಡು ಸಲ ಹತ್ತಿ ನೋಡಿದ್ದನಂತೆ. ಅರ್ಧ ಮರಕ್ಕೇ ಕಾಲು ನಡುಗಿ ಇಳಿದಿದ್ದ. ಅವನಪ್ಪನೂ ಅದೇ ತೋಟದ ಮರಗಳನ್ನು ಹತ್ತಿದವನು. ಆಗುವುದಿಲ್ಲ ಎಂದರೆ ಆ ತೋಟದ ಕೆಲಸವೇ ತಪ್ಪೀತು. ಹೆಂಡತಿಗೂ ಹೇಳಿರಲಿಲ್ಲ.

ನಾನು ಆಮೆನ್ ಹೇಳಿ ಮುಗಿಸಿಯಾಗಿತ್ತು. ಮುಗಿಸಿದ ಕೂಟವನ್ನು ಮತ್ತೆ ತೆರೆಯಬಹುದೇ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅವನು ಆಗಲೇ ಕಣ್ಣು ಮುಚ್ಚಿದ್ದ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಹೊಸಿಲ ಮೇಲೆ ನಿಂತು ಬಾಯಿಗೆ ಬಂದ ನಾಲ್ಕು ಮಾತಿನಲ್ಲಿ ಪ್ರಾರ್ಥಿಸಿದೆ.

ಆ ವಾರ ವಾರ್ಡಿನೊಳಗೆ ಯಾರನ್ನಾದರೂ ಸ್ಟ್ರೆಚರಿನಲ್ಲಿ ತಂದರೆ ಮೊದಲು ಮುಖ ನೋಡುತ್ತಿದ್ದೆ.

ಮುಂದಿನ ಭಾನುವಾರ ಇಬ್ಬರೂ ನಾಲ್ಕಕ್ಕೆ ಮುಂಚೆಯೇ ಬಂದರು. ಚಪ್ಪಲಿ ಬಿಡುವಾಗಲೇ ಹೆಂಡತಿ ಶುರುಮಾಡಿದಳು. "ಹದಿನೈದು ವರ್ಸದ ಸಂಸಾರ ಕಣ್ರೀ ಸಿಸ್ಟರಮ್ಮ. ನಂಗೆ ಹೇಳ್ಲಿಲ್ಲ, ನಿಮ್ ಬಾಗ್ಲಲ್ಲಿ ನಿಂತು ಹೇಳವ್ನೆ."

ಅವನು ನಗುತ್ತಿದ್ದ. ಸೋಮವಾರ ತೋಟಕ್ಕೆ ಹೋಗಿ, ಇನ್ನು ಹತ್ತುವುದಿಲ್ಲ ಎಂದು ಹೇಳಿಯೇಬಿಟ್ಟನಂತೆ. ಯಜಮಾನರು, ಎಷ್ಟು ದಿನದಿಂದ ಹೀಗೆ ಎಂದಷ್ಟೇ ಕೇಳಿ, ಕಾಯಿ ಸುಲಿಯುವವರ ಸಾಲಿನಲ್ಲಿ ಜಾಗ ತೋರಿಸಿದರಂತೆ. ಕೂಲಿ ಕಡಿಮೆ, ಆದರೆ ಕಾಲು ನೆಲದ ಮೇಲೆ. ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ ತಿರುವಿ ಸಿಪ್ಪೆ ಬಿಡಿಸುವ ಕೆಲಸ ಅವನ ಅಂಗೈಗೆ ಹೊಸದು. ಎರಡೂ ಕೈ ಬಿಡಿಸಿ ತೋರಿಸಿದ. ಅಂಗೈ ತುಂಬಾ ಬೊಬ್ಬೆಗಳು.

ಹೊಸಿಲ ಮೇಲೆಯೇ ಕೂರಿಸಿ ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ಅಜ್ಜಿ, ಮೇಷ್ಟ್ರು, ಅವರ ಹೆಂಡತಿ ಒಬ್ಬೊಬ್ಬರಾಗಿ ಬಂದು ಚಪ್ಪಲಿ ಬಿಟ್ಟು ಅಲ್ಲೇ ನಿಂತು ವಿಚಾರಿಸತೊಡಗಿದರು. ಒಳಗೆ ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ಕೀರ್ತನೆ ಇನ್ನೂ ಶುರುವಾಗಿರಲಿಲ್ಲ.