ಅಳತೆಯ ಕಬ್ಬು

ಆಗ ನನಗೆ ಅರವತ್ತೇಳು. ಅದಾಗಿ ಐದು ವರ್ಷ. ನೆನಪಾದದ್ದು ಇವತ್ತು, ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಜೇಡರಬಲೆ ತೆಗೆಯುವಾಗ. ಗೋಡೆಯ ಮೊಳೆಗೆ ಕಟ್ಟಿಟ್ಟ ಒಣಕಬ್ಬು ಪೊರಕೆ ತಾಗಿ ಜಾರಿ ನನ್ನ ತಲೆಯ ಮೇಲೆಯೇ ಬಿತ್ತು. ಬೀಳಲಿ. ಅದಕ್ಕೆ ಆ ಹಕ್ಕಿದೆ.

ಶೆಡ್ಡು ಮನೆಗೆ ಅಂಟಿಕೊಂಡಿಲ್ಲ. ಅಂಗಳ ದಾಟಿ, ಬೇವಿನ ಮರದ ಆಚೆ ಬೇರೆಯೇ ನಿಂತಿದೆ. ಹಾಗೆ ಇರಲಿ ಎಂದವಳು ನಾನೇ. ಮಲಗುವ ಕೋಣೆಗೆ ಡೀಸೆಲ್ ವಾಸನೆ ಯಾರಿಗೆ ಬೇಕು? ಅದಕ್ಕೂ ಮೊದಲು ಟ್ರ್ಯಾಕ್ಟರ್ ಬೇವಿನ ಕೆಳಗೇ ನಿಲ್ಲುತ್ತಿತ್ತು. ಅದರ ಸೀಟಿನ ಮೇಲೆ ನಮ್ಮ ಕೆಂಪು ಕೋಳಿ ಮೊಟ್ಟೆ ಇಡುತ್ತಿತ್ತು. ಮಗ ಮಹಾದೇವ ಎರಡು ಸಲ ನೋಡದೆ ಕೂತ. ಮೂರನೆಯ ಸಲಕ್ಕೆ ಶೆಡ್ಡು ಕಟ್ಟಿಸೋಣ ಎಂದ. ಹೀಗೆ ಕೋಳಿಯಿಂದ ಆದ ಕಟ್ಟಡ ಇದು.

ನಮ್ಮ ಬೇಡಕಿಹಾಳದಲ್ಲಿ ಗೋಡೆ ಕಟ್ಟುವ ಗೌಂಡಿಗಳಿಗೆ ಬರವಿಲ್ಲ. ಆದರೂ ಮಗ ಕೊಗನೊಳ್ಳಿಯ ಬಾಬುರಾವನಿಗೆ ಗುತ್ತಿಗೆ ಕೊಟ್ಟ. ಅವನು ಮೋಟಾರ್ ಸೈಕಲ್ಲಿನ ಮೇಲೆ ಬಂದು, ಹೂಂ ಎಂದು, ಹೋಗುವವನು. ಕೆಲಸವೆಲ್ಲ ಅವನ ಗೌಂಡಿ ಶಂಕರನದು. ಕಬ್ಬಿನ ಹಂಗಾಮು ಬೇರೆ. ಮಹಾದೇವ ನಸುಕಿನಲ್ಲಿ ಟ್ರ್ಯಾಕ್ಟರ್ ಒಯ್ದರೆ ದೀಪ ಹಚ್ಚಿದ ಮೇಲೆ ತರುತ್ತಿದ್ದ. ಶೆಡ್ಡು ಕಟ್ಟುವವರು ಅದರೊಳಗೆ ನಿಲ್ಲಬೇಕಾದ ಗಾಡಿಯನ್ನು ಒಂದು ದಿನವೂ ಕಣ್ಣಿಂದ ನೋಡಲಿಲ್ಲ.

ಬಾಗಿಲು ಎಷ್ಟು ಎತ್ತರ ಬೇಕು ಎಂದು ಬಾಬುರಾವ ಕೇಳಿದ. ಸೊಸೆ ಸುನಂದಾ ಒಳಗಿನಿಂದಲೇ, "ಅತ್ತಿ, ಟ್ರ್ಯಾಕ್ಟರ್ ಬಂದಮ್ಯಾಲೆ ನಾ ಟೇಪ್ ಹಿಡದು ಬರ್ದ ಕೊಡ್ತೀನ್ರಿ," ಎಂದಳು.

"ಯಾಕ, ನನ್ನ ಕೈ ಬಿದ್ದ ಹೋಗ್ಯಾವೇನು?" ಎಂದೆ.

ನಾನು ಎರಡನೇ ಇಯತ್ತೆ ಕಲಿತವಳು. ಟೇಪಿನ ಗೆರೆಗಳು ನನ್ನ ಕಣ್ಣಿಗೆ ಇರುವೆ ಸಾಲು. ಆದರೆ ಐವತ್ತು ವರ್ಷ ಹಗ್ಗ, ಹೊರಸಿನ ನವಾರು, ಬದನೆಯ ಸಾಲು ಎಲ್ಲವನ್ನೂ ಗೇಣು ಮೊಳದಲ್ಲೇ ಅಳೆದಿದ್ದೇನೆ, ತಪ್ಪಿಲ್ಲ. ಮನೆಯ ವ್ಯವಹಾರವೆಲ್ಲ ಕಾಗದದ ಮೇಲೆ ಹೋಗಿಬಿಟ್ಟಿತ್ತು. ಇದೊಂದಾದರೂ ನನ್ನ ಅಳತೆಯಲ್ಲಿ ಏಳಲಿ ಎಂದು ಹಟ ಹಿಡಿದೆ. ಬಾಗಿಲು ತಪ್ಪಿದರೆ ಆ ಮನೆಯಲ್ಲಿ ನನ್ನ ಮಾತು ಮುಗಿಯಿತು ಎಂಬುದೂ ಗೊತ್ತಿತ್ತು.

ಅಂದು ಸಂಜೆ ಉದ್ದನೆಯ ಕಬ್ಬೊಂದನ್ನು ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿ, ಹೊಗೆ ಕೊಳವೆಯ ತುದಿಗಿಂತ ಒಂದು ಗೇಣು ಮೇಲೆ ಕತ್ತರಿಸಿದೆ. ಮೇಲ್ತುದಿಗೆ ಸುಣ್ಣ ಹಚ್ಚಿದೆ. ಗಿಣ್ಣಿನಿಂದ ಗಿಣ್ಣಿಗೆ ಒಂದೊಂದು ಗಣಿಕೆ ಎಂದು ಎಣಿಸಿದೆ: ಹದಿನೇಳು. ಶಂಕರ ಬಂದಾಗ ಅವನ ಕೈಗೆ ಕೊಟ್ಟು, "ಇದ ನೋಡಪಾ ನಮ್ಮ ಟ್ರ್ಯಾಕ್ಟರ್. ಇದು ಒಳಗ ಹೋದ್ರ ಅದು ಹೋದಂಗ," ಎಂದೆ.

"ಹೌದ್ರಿ ಆಯಿ, ಇದಕ್ಕ ಡೀಸೆಲ್ ಎಲ್ಲಿ ಹಾಕೂದ್ರಿ?" ಎಂದ. ಬಾಯಿ ಜೋರು ಅವನದು.

ಗೋಡೆ ಎದ್ದಿತು, ಬಾಗಿಲ ಮೇಲೆ ಲಿಂಟಲ್ ಕೂತಿತು, ತಗಡು ಹೊದಿಸಿದ್ದಾಯಿತು. ಒಂದು ಸಂಜೆ ಕಾಯಿ ಒಡೆದು, ಕುಂಕುಮ ಹಚ್ಚಿ, ಮಹಾದೇವ ಗಾಡಿ ಒಳಗೆ ಹೊಡೆದ. ಠಣ್! ಕೊಳವೆ ಲಿಂಟಲ್ಲಿಗೆ ಬಡಿದು ಹಿಂದಕ್ಕೆ ಬಾಗಿತು. ಮೂತಿ ಒಳಗೆ, ಮೈಯೆಲ್ಲ ಹೊರಗೆ.

"ನಂದೇನ್ ತಪ್ಪರಿ? ಆಯಿ ಕೊಟ್ಟ ಅಳತಿ," ಎಂದ ಬಾಬುರಾವ. "ನಾಲ್ಕ ಬೊಟ್ಟು ಕಡಿಮಿ ಬಿದ್ದೈತಿ, ಅಷ್ಟ. ಟಾಯರಿನ ಗಾಳಿ ಬಿಟ್ಟು ಒಳಗ ಹೊಡೀರಿ."

"ದಿನಾ ಬಿಡೂದೇನು? ಮುಂಜಾನಿ ನೀ ಬಂದು ಬಾಯಿಲೆ ಊದತೀ?"

ನಾನೇ ಬಾಯಿ ಗಟ್ಟಿ ಮಾಡಿ ಅಂದೆ. ಸುನಂದಾ ಬಾಗಿದ ಕೊಳವೆಯನ್ನು ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ತಿರುಗಿ ಅನ್ನಬಹುದಿತ್ತು.

"ಆ ಕಬ್ಬ ತರ್ರಿ," ಎಂದೆ. ಮರಳಿನ ಗುಡ್ಡೆಯ ಹಿಂದಿನಿಂದ ತಂದರು. ತುದಿಯ ಸುಣ್ಣ ಇದ್ದಲ್ಲೇ ಇತ್ತು. ಬಾಬುರಾವ ಗೆದ್ದವನಂತೆ ಸೊಂಟದ ಮೇಲೆ ಕೈ ಇಟ್ಟ. ನಾನು ಗಣಿಕೆ ಎಣಿಸಿದೆ. ಹದಿನೈದು. ಮತ್ತೆ ಎಣಿಸಿದೆ. ಹದಿನೈದೇ. ಬುಡ ತಿರುಗಿಸಿ ನೋಡಿದರೆ ಅಲ್ಲಿದ್ದದ್ದು ಕುಡುಗೋಲಿನ ಕಡಿತವಲ್ಲ, ಹಲ್ಲಿನದು.

"ಯಾಂವಲೇ ನಮ್ಮ ಟ್ರ್ಯಾಕ್ಟರ್ ತಿಂದಾಂವ?"

ನೋಡಿ, ಕಬ್ಬಿನ ಸೀಮೆಯವರು ಕಬ್ಬನ್ನು ಬುಡದಿಂದಲೇ ತಿನ್ನುತ್ತಾರೆ. ಸಿಹಿ ಇರುವುದು ಅಲ್ಲಿ. ಬೇರೆ ಕಡೆಯವನಾಗಿದ್ದರೆ ತುದಿ ಕಚ್ಚುತ್ತಿದ್ದ, ಸುಣ್ಣ ಹೋಗಿ ಎಲ್ಲರಿಗೂ ತಿಳಿಯುತ್ತಿತ್ತು. ನಮ್ಮವನು ರುಚಿ ಬಲ್ಲವನು.

ಶಂಕರ ನೆಲ ನೋಡಿದ. "ನಾನ್ರಿ ಆಯಿ. ಬರೇ ಎರಡ ಗಣಿಕಿ. ಲಿಂಟಲ್ ಅಳತಿ ಹಿಡಿಯೂ ಮುಂಜಾನಿ ಹಸುವಿ ತಡೀಲಿಲ್ರಿ."

"ಯಾಕ, ಚಹಾ..." ಎಂದು ತೆರೆದ ಬಾಯಿ ಮುಚ್ಚಿದೆ. ಚಹಾ ಕೊಟ್ಟಿರಲಿಲ್ಲ. ಕಟ್ಟಿಸುವ ಮನೆಯವರು ಮುಂಜಾನೆ ಗೌಂಡಿಗೆ ಚಹಾ ಕೊಡುವುದು ನಮ್ಮ ಕಡೆಯ ರೂಢಿ. ಆ ವಾರ ತಡಮಾಡಿ ಬರುತ್ತಾರೆಂದು ಸಿಟ್ಟಿನಿಂದ ನಿಲ್ಲಿಸಿದವಳು ನಾನೇ. ಒಲೆಗೆ ಪಾತೇಲಿ ಏರಿಸಿದ್ದ ಸುನಂದಾಳಿಗೂ ಇಳಿಸು ಎಂದಿದ್ದೆ. ಈಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ತಪ್ಪೆಲ್ಲ ಶಂಕರನ ಮೇಲೆ ಹೋಗುತ್ತಿತ್ತು.

"ಅಳತಿ ತಪ್ಪಿಲ್ಲ," ಎಂದೆ. "ಚಹಾ ತಪ್ಪೈತಿ. ಅದನ್ನ ನಿಲ್ಲಿಸಿದಾಕಿ ನಾನು."

ಬಾಬುರಾವ ತಲೆ ಕೆರೆದುಕೊಂಡ. "ನಮ್ಮಾಂವನ ಹೊಟ್ಯಾಗ ಹೋಗೈತಲ್ರಿ, ಒಡದು ಮ್ಯಾಲೆ ಹಾಕಿ ಕೊಡ್ತೀನಿ. ಆದ್ರ ಆಯಿ, ಅದಕ್ಕ ಟೇಪ್ ಚಲೋರಿ. ಯಾರೂ ತಿನ್ನಂಗಿಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಸುನಂದಾ. ಆಮೇಲೆ ನಾನೂ ನಕ್ಕೆ. ಅವನು ಹೇಳಿದ್ದೂ ನಿಜವೇ.

ಈಗ ಟ್ರ್ಯಾಕ್ಟರ್ ಒಂದು ಗೇಣು ಬಿಟ್ಟು ಸಲೀಸಾಗಿ ಒಳಗೆ ಹೋಗುತ್ತದೆ. ಕೋಳಿಯ ವಂಶದವರು ಈಗಲೂ ಸೀಟಿನ ಮೇಲೆಯೇ ಮೊಟ್ಟೆ ಇಡುತ್ತಾರೆ, ಅದಕ್ಕೆ ಯಾವ ಗೌಂಡಿಯೂ ಮದ್ದಲ್ಲ. ಇವತ್ತು ತಲೆಗೆ ಬಿದ್ದ ಆ ಹದಿನೈದು ಗಣಿಕೆಯ ಕಬ್ಬನ್ನು ಒಲೆಗೆ ಹಾಕೋಣವೆಂದು ಎತ್ತಿಕೊಂಡವಳು, ಮತ್ತೆ ಮೊಳೆಗೇ ಕಟ್ಟಿದೆ. ಈ ಸಲ ಎರಡು ಗಂಟು.

ಠಣ್ ಎಂದ ಆ ಸಂಜೆಯ ಮರುದಿನ ಮುಂಜಾನೆ, ಮಹಾದೇವ ಗಾಡಿ ತೆಗೆಯುವ ಮೊದಲೇ ಹೊಲಕ್ಕೆ ಹೋಗಿ ಎರಡು ಕಬ್ಬು ಕಡಿದು ತಂದೆ. ಒಂದನ್ನು ಅಳತೆಗೆ ಕತ್ತರಿಸಿ, ಸುನಂದಾಳನ್ನು ಕರೆದು ಅದರ ಪಕ್ಕ ಟೇಪ್ ಹಿಡಿಸಿದೆ. ಚಹಾ ಕುದಿಸಿದೆ. ಶಂಕರ ಬಂದ ಕೂಡಲೇ ಕಪ್ಪು ಕೈಗಿಟ್ಟು, ದಪ್ಪನೆಯ ಕಬ್ಬನ್ನು ತಿನ್ನಲು ಕೊಟ್ಟೆ. ಅಳತೆಯದನ್ನು ಮಾತ್ರ, ಲಿಂಟಲ್ಲಿನ ಗುರುತು ಹಾಕುವವರೆಗೂ, ನಾನೇ ಹಿಡಿದುಕೊಂಡು ಕೂತೆ.